ಮಗಳ ಬಾಣಂತನಕ್ಕೆಂದು ತಂದ ಗೀಸರ್

ನಮ್ಮ ಬಚ್ಚಲಮನೆಯ ಗೋಡೆಯ ಮೇಲೆ ಇಪ್ಪತ್ತೈದು ಲೀಟರಿನ ಬಿಳಿ ಗೀಸರ್ ಇದೆ. ಅದನ್ನು ಯಾರೂ ಹಚ್ಚುವುದಿಲ್ಲ. ಬಂದವರು ನೋಡಿ, "ಯಾಕ್ರಿ, ಕೆಟ್ಟೈತೇನು?" ಎಂದು ಕೇಳುತ್ತಾರೆ. ಕೆಟ್ಟಿಲ್ಲ. ಗುಂಡಿ ಒತ್ತಿದರೆ ಈಗಲೂ ಕೆಂಪು ದೀಪ ಹತ್ತುತ್ತದೆ.

ಹೋದ ವರ್ಷ ಮಗಳನ್ನು ಚೊಚ್ಚಲ ಹೆರಿಗೆಗೆಂದು ಶಿಗ್ಗಾಂವಿಯ ಗಂಡನ ಮನೆಯಿಂದ ಅಕ್ಕಿಆಲೂರಿಗೆ ಕರೆತಂದೆ. ನಮ್ಮ ಕಡೆ ಬಾಣಂತಿಗೆ ನೀರು ಹಾಕುವುದು ಸಣ್ಣ ಕೆಲಸವೇನಲ್ಲ. ಮೈಗೆ ಎಣ್ಣೆ ತಿಕ್ಕಿ, ಮಣೆಯ ಮೇಲೆ ಕೂರಿಸಿ, ಸೊಂಟಕ್ಕೂ ಬೆನ್ನಿಗೂ ಚೊಂಬಿನಿಂದ ರಪರಪ ಹೊಡೆದಂತೆ ಬಿಸಿನೀರು ಹಾಕಬೇಕು, ಚರ್ಮ ಕೆಂಪಾಗಬೇಕು. ನಮ್ಮ ಮನೆಯಲ್ಲಿ ಆ ಕೆಲಸ ದೊಡ್ಡವ್ವನದು. ಅಪ್ಪನ ಅಣ್ಣನ ಹೆಂಡತಿ ಅವಳು, ನನ್ನನ್ನು ಎತ್ತಿ ಆಡಿಸಿ ಮಾತು ಕಲಿಸಿದವಳು, ಈಗಲೂ ನಮ್ಮ ಜೊತೆಗೇ ಇದ್ದಾಳೆ. ನೀರು ಕಾಯಿಸಲು ತಾಮ್ರದ ಹಂಡೆಯೂ ಬಚ್ಚಲ ಒಲೆಯೂ ಇದ್ದವು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಕಟ್ಟಿಗೆ ಹಸಿಯಾಗಿ ಬಚ್ಚಲೆಲ್ಲ ಹೊಗೆ ತುಂಬುತ್ತಿತ್ತು. ಬಾಣಂತಿ ಮಗಳು, ಎಳೆಗೂಸು ಆ ಹೊಗೆ ಕುಡಿಯಬೇಕೇ ಎಂದು ನನಗೆ ಅನ್ನಿಸಿತು.

ಹಾನಗಲ್ಲಿನ ಒಂದು ಅಂಗಡಿಗೆ ಮೂರು ಸಲ ಹೋದೆ.

"ಮನ್ಯಾಗ ಎಷ್ಟ ಮಂದಿ ಅದೀರಿ?" ಅಂಗಡಿಯವನು ಕೇಳಿದ.

"ಈಗ ನಾಕು. ಪಂಚಮಿ ಕಳದ ಮ್ಯಾಲ ಐದು," ಎಂದೆ. ಹೇಳುವಾಗ ಎದೆ ಉಬ್ಬಿತ್ತು.

"ಹಂಗಾರ ಈ ಮೂರು ಲೀಟರಿಂದು ಬ್ಯಾಡ್ರಿ, ಕೈ ತೊಳ್ಕೊಳ್ಳಾಕ ಅಷ್ಟ ಅದು."

"ಸೋಲಾರ್?"

"ಶ್ರಾವಣದಾಗ ಹೆರಿಗಿ ಅಂತೀರಿ. ಆ ಮ್ವಾಡದಾಗ ಸೋಲಾರ್ ನೀರು ಚಹಾಕ್ಕೂ ಆಗಂಗಿಲ್ಲರಿ."

"ಗ್ಯಾಸಿನದು?"

"ನಿಮ್ಮ ಬಚ್ಚಲಕ್ಕ ಕಿಟಕಿ ಐತೇನು?"

"ಒಂದು ಬೆಳಕಿಂಡಿ ಐತಿ."

"ಹಂಗಾರ ಬ್ಯಾಡ. ಬಾಗಲಾ ಹಾಕ್ಕೊಂಡ್ರ ಒಳಗ ಉಸರ ಕಟ್ಟತೈತಿ. ಇಪ್ಪತ್ತೈದು ಲೀಟರಿಂದು ಕರೆಂಟಿನ ಗೀಸರ್ ಒಯ್ರಿ. ಬೋರಿನ ನೀರು ಸವಳಿದ್ರ ವರ್ಷಕ್ಕೊಮ್ಮೆ ಬಿಚ್ಚಿ ಒಳಗಿನ ಸುಣ್ಣ ಕೆರಸ್ರಿ, ಮಗಳ ಮಗಳ ಬಾಣಂತನಕ್ಕೂ ಬರತೈತಿ."

ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ ಹೆಂಡತಿ ನಕ್ಕಳು. "ಮಗಳಿಗೆ ವರ ಹುಡಕುವಾಗೂ ಇಷ್ಟ ವಿಚಾರ ಮಾಡಿದ್ದಿಲ್ಲ ನೀವು."

ಗೀಸರ್ ಕೂರಿಸಬೇಕೆಂದರೆ ಬಚ್ಚಲು ಸರಿಮಾಡಬೇಕು; ಸರಿಮಾಡಬೇಕೆಂದರೆ ಒಲೆ ಒಡೆಯಬೇಕು. ದೊಡ್ಡವ್ವ ಎದ್ದು ಬಂದು ಒಲೆಯ ಮುಂದೆ ನಿಂತಳು.

"ಬಸರಿ ಇರೋ ಮನ್ಯಾಗ ಒಲಿ ಒಡೀಬಾರದು ತಮ್ಮಾ. ಹಡದ ಮ್ಯಾಲ ಒಡಸು."

"ಹೌದ್ರಿ, ಒಡೀಬ್ಯಾಡ್ರಿ," ಎಂದು ಹೆಂಡತಿಯೂ ದನಿಗೂಡಿಸಿದಳು.

"ಮನ್ಯಾಗ ಬಸರಿ ಅದಾಳಂತ ಒಲಿಗೇನ ಗೊತ್ತು ದೊಡ್ಡವ್ವ?"

"ನಿನಗ ಮಾತು ಕಲಿಸಿದ್ದ ನಂದ ತಪ್ಪು," ಎಂದು ಅವಳು ಒಳಗೆ ಹೋದಳು.

ಒಲೆ ಹೋಯಿತು. ಹಂಡೆ ಅಟ್ಟಕ್ಕೇರಿತು. ಟೈಲ್ಸ್ ಬಂದವು. ಹಳೆಯ ಅರ್ಧ ಬಾಗಿಲು ತೆಗೆಸಿ, ಒಳಗೆ ಚಿಲಕವಿರುವ ಪೂರ್ತಿ ಬಾಗಿಲು ಹಾಕಿಸಿದೆ. ಮಗಳು ಹೊಟ್ಟೆ ಹಿಡಿದುಕೊಂಡು ಬಂದು ನೋಡಿ, "ಲಾಡ್ಜಿನಂಗ ಮಾಡೀಯಲ್ಲಪಾ!" ಎಂದು ನಕ್ಕಳು. ಆ ನಗೆಗಾಗಿ ಇನ್ನೂ ನಾಲ್ಕು ಒಲೆ ಒಡೆಯುತ್ತಿದ್ದೆ.

ಪಂಚಮಿ ಕಳೆದ ವಾರಕ್ಕೆ ಹೆರಿಗೆಯಾಯಿತು. ಗಂಡು ಕೂಸು. ಅಳಲಿಲ್ಲ. ಡಾಕ್ಟರರು ತಮ್ಮ ಕೈಲಾದದ್ದೆಲ್ಲ ಮಾಡಿದರು. ಮಳೆಯಲ್ಲಿ ಅಳಿಯನೂ ನಾನೂ ಹೋಗಿ ಮಣ್ಣು ಮಾಡಿ ಬಂದೆವು.

ನಾಲ್ಕನೆಯ ದಿನ ಮಗಳು ಆಸ್ಪತ್ರೆಯಿಂದ ಮನೆಗೆ ಬಂದಳು. ದೊಡ್ಡವ್ವ ಎಣ್ಣೆಯ ಬಟ್ಟಲು ಹಿಡಿದು ಕಾದಿದ್ದಳು. "ನೀ ಬ್ಯಾಡ ಆಯಿ. ನಾನ ಹಾಕ್ಕೋತೇನಿ," ಎಂದು ಮಗಳು ಒಳಗೆ ಹೋದಳು. ಚಿಲಕ ಬಿದ್ದ ಸದ್ದು ಕೇಳಿತು. ನಾನೇ ಆರಿಸಿ ತಂದ ಚಿಲಕ, ಗಟ್ಟಿಯಾಗಿತ್ತು.

ನಲ್ಲಿ ಸುರಿಯತೊಡಗಿತು. ಗೀಸರಿನ ಬಿಸಿನೀರು ಎಷ್ಟು ಹೊತ್ತು ಬರುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಹೊತ್ತು ಮುಗಿಯಿತು. ನಲ್ಲಿ ನಿಲ್ಲಲಿಲ್ಲ.

"ಅವ್ವೀ, ನೀರ ಆರಿರ್ತಾವು, ಹೊರಗ ಬಾ," ಎಂದು ಬಾಗಿಲಾಚೆಯಿಂದ ಮಗಳನ್ನು ಕರೆದೆ.

"ಬಿಸಿ ಅದಾವಪಾ."

ಹೊರಗೆ ಬಂದಾಗ ತುಟಿ ನೀಲಿಗಟ್ಟಿತ್ತು. ಮರುದಿನವೂ ಹಾಗೆಯೇ, ಅದರ ಮರುದಿನವೂ. ನೀರಿನ ಸದ್ದಿನೊಳಗೆ ಇನ್ನೊಂದು ಸದ್ದು ಇತ್ತೋ ಇಲ್ಲವೋ, ಬಾಗಿಲಿಗೆ ಕಿವಿ ಹಚ್ಚಿದರೂ ತಿಳಿಯುತ್ತಿರಲಿಲ್ಲ. ಹಂಡೆಯ ಕಾಲದಲ್ಲಿ ಹೀಗಾಗುವಂತಿರಲಿಲ್ಲ. ಒಲೆಗೆ ಕಟ್ಟಿಗೆ ಸರಿಸಲು ಒಬ್ಬರು, ನೀರು ಹಾಕಲು ಒಬ್ಬರು ಬೇಕಾಗುತ್ತಿತ್ತು. ಒಬ್ಬಳನ್ನೇ ಬಿಡುವ ಮಾತೇ ಇರಲಿಲ್ಲ. ಇದನ್ನು ಅಂಗಡಿಯವನು ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ನಾಲ್ಕನೆಯ ಸಲ ನಾನೊಂದು ಬುದ್ಧಿವಂತಿಕೆ ಮಾಡಿದೆ. ಬಿಸಿನೀರು ಸಿಗದಿದ್ದರೆ ಬೇಗ ಬಂದಾಳೆಂದು ಗೀಸರಿನ ಕರೆಂಟು ತೆಗೆದುಬಿಟ್ಟೆ. ಅವತ್ತು ಅವಳು ಮೊದಲಿನಿಂದ ಕೊನೆಯವರೆಗೂ ತಣ್ಣೀರಿನಲ್ಲೇ ಕೂತಳು. ಸಂಜೆಗೆ ಜ್ವರ ಬಂತು. ಹೆಂಡತಿ ಹಣೆಯ ಪಟ್ಟಿ ಬದಲಿಸುತ್ತಾ, ನನ್ನತ್ತ ತಿರುಗದೆ, "ಒಡೀಬ್ಯಾಡ್ರಿ ಅಂದಿದ್ವಿ," ಎಂದಳು. ಅಂದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಎಂದೂ ಆ ಮಾತು ಎತ್ತಿಲ್ಲ. ಒಲೆ ಒಡೆದರೆ ಕೂಸು ಸಾಯುವುದಿಲ್ಲ, ಅದು ನನಗೂ ಗೊತ್ತು. ಗೊತ್ತಿದ್ದೂ ಆ ಮಾತು ಒಳಗೇ ಕೂತಿದೆ.

ಜ್ವರ ಇಳಿದ ಬೆಳಗ್ಗೆ ಸ್ಕ್ರೂಡ್ರೈವರ್ ತಂದು ಚಿಲಕ ಬಿಚ್ಚಿದೆ. ಅಟ್ಟದಿಂದ ಹಂಡೆ ಇಳಿಸಿ, ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ, ಮೇಲೆ ತಾಡಪತ್ರಿ ಕಟ್ಟಿ, ಕಾಳು ಬಿಡಿಸಿದ ಗೋವಿನಜೋಳದ ತೆನೆಗಳಿಂದ ಬೆಂಕಿ ಹಚ್ಚಿದೆ. ದೊಡ್ಡವ್ವ ಹೇಳದೆ ಕೇಳದೆ ಬಚ್ಚಲಿಗೆ ನುಗ್ಗಿದಳು.

"ಕೂಸ ಇಲ್ಲಲ್ಲ ಆಯಿ. ನನಗ್ಯಾಕ ಈ ನೀರು?"

"ನೀ ಹಡದಾಕಿ ಹೌದಿಲ್ಲ? ಕೂಸ ಇಲ್ಲಂತ ನಿನ್ನ ಸೊಂಟಕ್ಕ ಗೊತ್ತೈತೇನು? ಕುಂದರ."

ನಾನು ಕೊಡ ತುಂಬಿ ಬಾಗಿಲ ಹೊರಗಿಡುತ್ತಿದ್ದೆ. ಹೆಂಡತಿ ಒಳಗೆ ಒಯ್ಯುತ್ತಿದ್ದಳು. ಚೊಂಬಿನ ನೀರು ಬೆನ್ನಿಗೆ ಬಡಿಯುವ ಸದ್ದು. ಐದಾರು ಚೊಂಬು ಆದ ಮೇಲೆ ಮಗಳು ಅತ್ತಳು. ಓಣಿಗೆಲ್ಲ ಕೇಳುವಂತೆ ಅತ್ತಳು. ದೊಡ್ಡವ್ವ ನೀರು ಹಾಕುವುದನ್ನು ನಿಲ್ಲಿಸಲಿಲ್ಲ. ನಾನು ಒಲೆಯ ಮುಂದೆ ಕೂತು ಊದುತ್ತಲೇ ಇದ್ದೆ. ಹೊಗೆ ಇದ್ದದ್ದು ಒಳ್ಳೆಯದೇ ಆಯಿತು.

ತಿಂಗಳಾದ ಮೇಲೆ ಅವಳು ಶಿಗ್ಗಾಂವಿಗೆ ಹೊರಟಳು. ಬಸ್ಸು ಬರುವ ಹೊತ್ತಿಗೆ, "ಆ ಬಾಗಲಕ್ಕ ಚಿಲಕ ಹಾಕಸಪಾ, ಮನಿಗೆ ಬಂದೋರಿಗೆ ಬೇಕಾಗತೈತಿ," ಎಂದಳು. ಹೂಂ ಎಂದೆ. ಹಾಕಿಸಿಲ್ಲ. ಸ್ಕ್ರೂ ಇದ್ದ ನಾಲ್ಕು ತೂತು ಹಾಗೇ ಇವೆ.

ಈ ವರ್ಷ ಪಂಚಮಿಗೆ ಬರುತ್ತಾಳೆಂದು ಹೆಂಡತಿ ಉಂಡಿ ಕಟ್ಟಿದ್ದಳು. ನಾನು ನಸುಕಿಗೇ ಎದ್ದು ಹಿತ್ತಿಲ ಹಂಡೆಗೆ ಬೆಂಕಿ ಹಚ್ಚಿದ್ದೆ. ನೀರು ಮರಳತೊಡಗಿದಾಗ ಫೋನು ಬಂತು.

"ಈ ಕಡೆ ಮಳಿ ಬಾಳ ಐತಪಾ. ಬರೂದಾಗಂಗಿಲ್ಲ."

ನಮ್ಮಲ್ಲಿ ಬಿಸಿಲಿತ್ತು. ಶಿಗ್ಗಾಂವಿಯೇನು ದೂರದ ಊರಲ್ಲ. "ಆತವ್ವ," ಎಂದು ಫೋನು ಇಟ್ಟೆ. ಆ ನೀರನ್ನು ಯಾರೂ ಮುಟ್ಟಲಿಲ್ಲ. ಸಂಜೆ ಹೋಗಿ ಕೈ ಅದ್ದಿ ನೋಡಿದೆ. ಇನ್ನೂ ಬೆಚ್ಚಗಿತ್ತು.