ಲ್ಯೂಟಿನ ರಾಗಕ್ಕೆ ನಾಲ್ಕೇ ತಂತಿ

ಕೂಡ್ಲಿಗಿಯ ಪ್ರಿಯಾ ಯುರೋಪಿನ ಹಲವು ತಂತಿಗಳ ವಾದ್ಯ ಲ್ಯೂಟಿನ ನಾನೂರು ವರ್ಷ ಹಳೆಯ ಸಂಗೀತವನ್ನು, ಗಿಟಾರಿನಂಥ ನಾಲ್ಕು ತಂತಿಯ ಪುಟ್ಟ ಯುಕುಲೇಲೆಗೆ ಹೊಂದಿಸುತ್ತಾಳೆ. ಆನ್‌ಲೈನ್ ಸಂಗೀತ ಕಛೇರಿಯ ಆಯ್ಕೆಗೆ ಅವಳು ಹನ್ನೆರಡು ಗಂಟೆಯೊಳಗೆ ಒಂದು ರಾಗವನ್ನು ನುಡಿಸಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕಳಿಸಬೇಕಿತ್ತು. ಆಗಲೇ ಹನ್ನೊಂದೂವರೆ, ತೊಟ್ಟಿಲಲ್ಲಿ ಮಗು ಹೊರಳುತ್ತಿತ್ತು. ಲ್ಯೂಟಿನ ತಗ್ಗಿನ ಸ್ವರಗಳನ್ನೆಲ್ಲ ನಾಲ್ಕು ತಂತಿಯೊಳಗೆ ತುರುಕಲು ಹೋಗಿ ಬೆರಳುಗಳು ಮತ್ತೆ ಮತ್ತೆ ತಪ್ಪುತ್ತಿದ್ದವು.

ತೊಟ್ಟಿಲು ತೂಗುತ್ತಿದ್ದ ಅತ್ತೆ ಗಿಡ್ಡಮ್ಮ ಛೇಡಿಸಿದರು: “ನಿಮ್ಮ ಮಾವ ಏಕತಾರಿ ಹಿಡ್ಕಂಡು ಒಂದ ತಂತಿ ಮ್ಯಾಲೆ ಇಡೀ ಭಜನಿ ನಡಸ್ತಿದ್ರು. ನಿನಗ ನಾಕಿದ್ರೂ ಸಾಲಂಗಿಲ್ಲೇನ?”

ಪ್ರಿಯಾಳ ಕೈ ನಿಂತಿತು. ಹಾಳೆಯಲ್ಲಿ ಬರೆದುಕೊಂಡಿದ್ದ ತಗ್ಗಿನ ಸ್ವರಗಳನ್ನೆಲ್ಲ ಹೊಡೆದುಹಾಕಿದಳು.

“ಅತ್ತಿ, ತೂಗೋದು ನಿಲ್ಲಿಸಬ್ಯಾಡ್ರಿ!”

ಒಂದು ತಂತಿಯನ್ನು ಶ್ರುತಿಯಂತೆ ಮೀಟುತ್ತ ಉಳಿದ ಮೂರರಲ್ಲಿ ರಾಗ ನುಡಿಸಿದಳು. ಕೊನೆಯ ಸ್ವರ ಆರಿತು. ಕಳಿಸಿದ್ದೇ ತಡ, ಮಗು ಚೀರಿತು.

“ಬಂತು ನೋಡವ್ವ, ನಿನ್ನ ಐದನೇ ತಂತಿ!” ಎಂದರು ಗಿಡ್ಡಮ್ಮ.