ಎಣ್ಣೆ ಡಬ್ಬಿಯ ಎರಡನೇ ತೂತು

ಇವತ್ತು ಬೆಳಿಗ್ಗೆ ಅಂಗಡಿಯಲ್ಲಿ ಶೇಂಗಾ ಎಣ್ಣೆಯ ಹೊಸ ಡಬ್ಬಿ ತೆರೆಯಲು ಕೂತೆ. ತಗಡಿನ ದೊಡ್ಡ ಡಬ್ಬಿ, ನೀವೂ ನೋಡಿರುತ್ತೀರಿ. ಒಂದು ಮೂಲೆಗೆ ಮೊಳೆ ಇಟ್ಟು ಹೊಡೆದು ಬಗ್ಗಿಸಿದರೆ ಎಣ್ಣೆ ಬಿಕ್ಕಳಿಸುತ್ತ ಬರುತ್ತದೆ, ಸ್ವಲ್ಪ ಹೊತ್ತಿಗೆ ನಿಂತೇಬಿಡುತ್ತದೆ. ಎದುರಿನ ಮೂಲೆಗೆ ಇನ್ನೊಂದು ತೂತು ಬೇಕು, ಗಾಳಿ ಒಳಗೆ ಹೋಗಲು. ಅದು ಬಿದ್ದ ಕೂಡಲೇ ಡಬ್ಬಿ ‘ಸುಂಯ್’ ಎಂದು ಉಸಿರೆಳೆದುಕೊಳ್ಳುತ್ತದೆ, ಎಣ್ಣೆ ಸರಾಗವಾಗಿ ಇಳಿಯುತ್ತದೆ. ರಾಯಬಾಗದ ಈ ಕಿರಾಣಿ ಅಂಗಡಿಯಲ್ಲಿ ಮೂವತ್ತು ವರ್ಷ ಕೂತು ನಾನು ಕಲಿತ ವಿದ್ಯೆ ಏನೆಂದು ಯಾರಾದರೂ ಕೇಳಿದರೆ, ಇದೊಂದೇ. ಈ ಒಂದೇ ವಿದ್ಯೆಯ ಮೇಲೆ ನಾನು ಸ್ಪೋರ್ಟ್ಸ್ ಕಾರು ಓಡಿಸುತ್ತೇನೆ ಎಂದರೆ ನಿಮಗೆ ನಗು ಬರಬಹುದು. ನಗಿ, ಊರೇ ನಕ್ಕಿದೆ.

ಆ ಕಾರು ನನಗೆ ಸಿಕ್ಕದ್ದು ನಿಪ್ಪಾಣಿಯಲ್ಲಿ. ಅಂಗಡಿಗೆ ತಂಬಾಕು ತರಲು ವ್ಯಾಪಾರಿಯೊಬ್ಬರ ಗೋದಾಮಿಗೆ ಹೋಗಿದ್ದೆ. ಚೀಲಗಳ ಹಿಂದೆ ತಾಡಪತ್ರಿ ಹೊದ್ದು ಏನೋ ಮಲಗಿತ್ತು. ಎತ್ತಿ ನೋಡಿದರೆ ಕೆಂಪು ಕಾರು. ಎರಡೇ ಬಾಗಿಲು, ಎರಡೇ ಸೀಟು, ಉದ್ದ ಮೂತಿ, ನೆಲಕ್ಕೆ ತಾಗುವಂಥ ಹೊಟ್ಟೆ. ವ್ಯಾಪಾರಿಯ ಮಗ ಕಾಲೇಜಿನಲ್ಲಿದ್ದಾಗ ಹಟ ಮಾಡಿ ತರಿಸಿಕೊಂಡದ್ದಂತೆ. ಮದುವೆಯಾಗಿ ಮಕ್ಕಳಾದ ಮೇಲೆ ಯಾರೂ ಮುಟ್ಟಿರಲಿಲ್ಲ.

“ಲಯ್ ಭಾರಿ ಗಾಡಿ ಐತ್ರಿ ಅಕ್ಕಾ,” ಎಂದರು ವ್ಯಾಪಾರಿ. “ನಿಂತ ನಿಂತ ಅದಕ್ಕ ಬ್ಯಾಸರಾಗೇತಿ, ಅಷ್ಟ.”

ನಾನು ಮಾಡಿದ ಪರೀಕ್ಷೆ ಕೇಳಿದರೆ ನಿಮಗೆ ಅಯ್ಯೋ ಅನಿಸುತ್ತದೆ. ಸೀಟು ಒತ್ತಿ ನೋಡಿದೆ. ಹಾರ್ನ್ ಬಾರಿಸಿದೆ. ಕನ್ನಡಿಯಲ್ಲಿ ಮುಖ ನೋಡಿಕೊಂಡೆ. ಅಂಗಡಿಯ ಸಾಮಾನಿನ ಟೆಂಪೊ ಹತ್ತು ವರ್ಷ ಓಡಿಸಿದ್ದೆ ನಿಜ, ಆದರೆ ಬಾನೆಟ್ಟಿನ ಒಳಗೆ ಏನಿರುತ್ತದೆ ಎಂಬುದು ನನಗೆ ಸಂಬಂಧವಿಲ್ಲದ ವಿಷಯವಾಗಿತ್ತು. ಅವರು ಹೇಳಿದ ಬೆಲೆಗೆ ಒಂದು ಹಳೆಯ ಟ್ರ್ಯಾಕ್ಟರ್ ಟ್ರಾಲಿಯೂ ಬರುತ್ತಿರಲಿಲ್ಲ. ನಿಂತ ಕಾಲಲ್ಲೇ ಹೂಂ ಅಂದುಬಿಟ್ಟೆ. ಮನೆಗೆ ಬಂದು ಹೇಳಿದಾಗ ನಮ್ಮ ಯಜಮಾನರು ಪೇಪರು ಮಡಚಿಟ್ಟು, “ತಂಬಾಕ ತಂದಿಯಿಲ್ಲೊ?” ಎಂದಷ್ಟೇ ಕೇಳಿದರು. ತಂದಿರಲಿಲ್ಲ.

ಇಷ್ಟೊಂದು ಆಸೆ ಯಾಕೆ ಅಂತ ಕೇಳುತ್ತೀರೇನೊ. ನನ್ನ ತವರು ತೆಲಸಂಗ. ನಾನು ಹನ್ನೆರಡು ವರ್ಷದವಳಿದ್ದಾಗ ಮನೆಗೆ ಟ್ರ್ಯಾಕ್ಟರ್ ಬಂತು. ಅಣ್ಣ ಒಂದೇ ವಾರದಲ್ಲಿ ಕಲಿತ. ನಾನು ಒಂದು ಸಲ, ಒಂದೇ ಸಲ, ಸ್ಟೇರಿಂಗ್ ಹಿಡಿಯುತ್ತೇನೆ ಎಂದಿದ್ದಕ್ಕೆ, “ಹೆಣ್ಣಮಕ್ಕಳ ಜಾಗಾ ಹಿಂದ ಟ್ರಾಲಿಯಾಗ. ಗಟ್ಟಿ ಹಿಡಕೊಂಡ ಕುಂಡರು” ಎಂದ. ಬೈದು ಹೇಳಿದ್ದಲ್ಲ, ನಗುತ್ತಲೇ ಹೇಳಿದ್ದು. ಒಳ್ಳೆಯವನು ನಮ್ಮಣ್ಣ. ಮದುವೆಯಾದಾಗಿನಿಂದ ಒಂದು ನಾಗರ ಪಂಚಮಿಯನ್ನೂ ತಪ್ಪಿಸದೆ ನನ್ನನ್ನು ತವರಿಗೆ ಕರೆದೊಯ್ಯಲು ಬಂದವನು. ಪ್ರತಿ ಸಲ ಹಿಂದಿನ ದಿನ ಫೋನು ಮಾಡಿ ಅದೇ ಮಾತು ಹೇಳುತ್ತಿದ್ದ: “ಎಂಟಕ್ಕ ತಯಾರಾಗಿ ನಿಂದರು. ನನ್ನ ಕಾಯಿಸಬ್ಯಾಡ.” ನಾನು ಏಳೂವರೆಗೇ ಚೀಲ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದೆ. ಪ್ರೀತಿಗೇನೂ ಕೊರತೆಯಿರಲಿಲ್ಲ. ಆದರೂ ಅಣ್ಣನ ಪಾಲಿಗೆ ಐವತ್ತು ದಾಟಿದ ಹೆಂಗಸು ಇನ್ನೂ ಟ್ರಾಲಿಯಲ್ಲೇ ಕೂತಿದ್ದಾಳೆ ಎಂದು ನನಗೆ ಒಳಗೊಳಗೇ ಅನಿಸುತ್ತಿತ್ತು.

ಕಾರು ಬಂತು, ಅದರ ಜೊತೆ ಅದರ ಗುಣವೂ ಬಂತು. ಮೂರು ನಾಲ್ಕು ಹರದಾರಿ ಕುದುರೆಯ ಹಾಗೆ ಓಡುವುದು, ಆಮೇಲೆ ಬಿಕ್ಕಳಿಸಿ ನಿಂತುಬಿಡುವುದು. ಅರ್ಧ ತಾಸು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಶುರು. ಚಿಕ್ಕೋಡಿಯ ದಸ್ತಗೀರ ಮಿಸ್ತ್ರಿ ನಮ್ಮ ಟೆಂಪೊವನ್ನು ಸಾಕಿ ಬೆಳೆಸಿದವರು. ಅವರು ಪ್ಲಗ್ ಬದಲಿಸಿದರು, ಪಂಪು ಬದಲಿಸಿದರು, ನನಗೆ ಹೆಸರು ಬಾರದ ಇನ್ನೂ ಏನೇನನ್ನೋ ಬದಲಿಸಿದರು. ಪ್ರತಿ ಸಲವೂ ಕೊನೆಗೆ ಟಾಕಿಯ ಮುಚ್ಚಳ ತೆಗೆದು, ಒಳಗೆ ಇಣುಕಿ, “ಪೆಟ್ರೋಲ್ ಐತಿ” ಎಂದು ಮತ್ತೆ ಮುಚ್ಚಿ ಚಾವಿ ತಿರುಗಿಸುತ್ತಿದ್ದರು. ಕಾರು ಗುರ್ ಎನ್ನುತ್ತಿತ್ತು. “ನೋಡ್ರಿ ಅಕ್ಕಾರ, ಆತು!” ಎಂದು ಕೈ ಒರೆಸಿಕೊಳ್ಳುತ್ತಿದ್ದರು. ನಾನೂ ಆತು ಎಂದುಕೊಂಡು ಹೊರಡುತ್ತಿದ್ದೆ, ಕಬ್ಬೂರು ಮುಟ್ಟುವುದರೊಳಗೆ ಆಗಿರಲಿಲ್ಲ ಎಂದು ತಿಳಿಯುತ್ತಿತ್ತು.

ಒಂದು ಸಲ ಅಣ್ಣನಿಗೆ ತೋರಿಸಲೆಂದು ಹೊರಟೆ. ದಾರಿಯಲ್ಲಿ ಮೂರು ಕಡೆ ನಿಂತಿತು. ಅಥಣಿ ದಾಟಿ, ತೆಲಸಂಗ ಇನ್ನೇನು ಬಂತು ಎನ್ನುವಾಗ ನಾಲ್ಕನೇ ಸಲ ನಿಂತಿತು. ತಡೆಯಲಾರದೆ ಚಾವಿ ತಿರುಗಿಸಿ ತಿರುಗಿಸಿ ಬ್ಯಾಟರಿಯನ್ನೂ ಮುಗಿಸಿದೆ. ಅಣ್ಣ ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿ ಎಳೆದ. ಊರಿನ ಕಟ್ಟೆಯ ಮೇಲೆ ಕೂತವರೆಲ್ಲ ಎದ್ದು ನಿಂತು ನೋಡಿದರು. ಅವನು ತಿರುಗಿ ನೋಡಿ, “ಗಟ್ಟಿ ಹಿಡಕೊಂಡ ಕುಂಡರು ತಂಗೀ!” ಎಂದು ಕೂಗಿದ. ಅವನಿಗೆ ಹಳೆಯ ಮಾತಿನ ನೆನಪೂ ಇರಲಿಕ್ಕಿಲ್ಲ. ನನಗೆ ಮಾತ್ರ ಕಣ್ಣಲ್ಲಿ ನೀರು ಬಂತು. ಅವಮಾನವಾಗಿತ್ತು, ಸುಳ್ಳೇಕೆ ಹೇಳಲಿ. ಅವತ್ತೇ ಅಂದುಬಿಟ್ಟೆ: “ಅಣ್ಣಾ, ಈ ಪಂಚಮಿಗೆ ನೀ ಬರಬ್ಯಾಡ. ನಾನ ಹೊಡಕೊಂಡ ಬರತೀನಿ. ಬರಲಿಲ್ಲಂದ್ರ ಇದನ್ನ ಗುಜರಿಗೆ ಹಾಕತೀನಿ, ಮತ್ತ ಸ್ಟೇರಿಂಗ್ ಹಿಡಿಯಂಗಿಲ್ಲ.”

“ಗುಜರಿಯವನಿಗೆ ನಾನ ಹೇಳಿರ್ತೀನಿ ಬಿಡು,” ಎಂದ ಅಣ್ಣ.

ಪಂಚಮಿಯ ಬೆಳಿಗ್ಗೆ ಹಬ್ಬದ ಸಿಹಿ ಉಂಡಿಯ ಡಬ್ಬಿಯನ್ನು ಪಕ್ಕದ ಸೀಟಿಗೆ ಕೂರಿಸಿ ಹೊರಟೆ. ಕುಡಚಿಯ ಸೇತುವೆಯ ಕೆಳಗೆ ಕೃಷ್ಣೆ ಕೆಂಪಗೆ ತುಂಬಿ ಹರಿಯುತ್ತಿದ್ದಳು, ಪುಣ್ಯಕ್ಕೆ ರಸ್ತೆಗೆ ಬಂದಿರಲಿಲ್ಲ. ಉಗಾರ ದಾಟಿ ಎರಡೂ ಬದಿ ಕಬ್ಬು ಇರುವಲ್ಲಿ ಕಾರು ಬಿಕ್ಕಳಿಸಿತು, ನಿಂತಿತು. ಅಷ್ಟರಲ್ಲಿ ಅಣ್ಣನ ಫೋನು.

“ಎಲ್ಲಿ ಅದಿ? ಜೀಪ್ ತಗೀಲ್ಯಾ?”

“ಬರಾಕತ್ತೀನಿ,” ಎಂದೆ. ನಿಂತ ಕಾರಿನಲ್ಲಿ ಕೂತು.

ಮಿಸ್ತ್ರಿಗೆ ಹಬ್ಬದ ದಿನ ಫೋನು ಮಾಡಲು ಮನಸ್ಸಾಗಲಿಲ್ಲ. ಅವರು ಮಾಡುವುದನ್ನು ನೋಡಿ ನೋಡಿ ನನಗೆ ಗೊತ್ತಿದ್ದುದು ಒಂದೇ, ಟಾಕಿಯಲ್ಲಿ ಇಣುಕುವುದು. ಇಳಿದು ಹೋಗಿ ಮುಚ್ಚಳ ತಿರುಗಿಸಿದೆ.

‘ಸುಂಯ್.’

ಓದುಗರೇ, ನಾನು ಅಲ್ಲೇ ನಿಂತುಬಿಟ್ಟೆ. ಆ ಸದ್ದು ನನಗೆ ನನ್ನ ಮಕ್ಕಳ ದನಿಯಷ್ಟೇ ಗೊತ್ತು. ಮಿಸ್ತ್ರಿಯ ಗ್ಯಾರೇಜಿನಲ್ಲಿ ಗ್ರೈಂಡರಿನ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಿರಲಿಲ್ಲ. ಡಬ್ಬಿಗೆ ಎರಡನೇ ತೂತಿಲ್ಲ! ಗಾಳಿ ಒಳಗೆ ಹೋಗದೆ ಪೆಟ್ರೋಲ್ ಇಳಿಯುತ್ತಿಲ್ಲ. ಮುಚ್ಚಳ ತೆಗೆದಾಗಲೆಲ್ಲ ಕಾರು ಶುರುವಾಗುತ್ತಿತ್ತು, ನಾವು ಹೊಸ ಪಂಪಿಗೆ ಕೈ ಮುಗಿಯುತ್ತಿದ್ದೆವು. ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದೆ. ಒಳಮೈಯಲ್ಲಿ ಸಾಸಿವೆ ಕಾಳಿನಷ್ಟು ತೂತು, ಅದರ ತುಂಬ ಕಂದು ಧೂಳು ಗಟ್ಟಿಯಾಗಿ ಕೂತಿತ್ತು. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಚುಚ್ಚಿದೆ, ಕೆದರಿದೆ, ಬಾಯಿಂದ ಊದಿದೆ. ಮರುಕ್ಷಣ ಮೂರು ಸೀನು ಬಂದವು. ಅಪ್ಪಟ ನಿಪ್ಪಾಣಿ ತಂಬಾಕು.

ಅಲ್ಲಿಂದ ತೆಲಸಂಗದವರೆಗೆ ಕಾರು ಒಮ್ಮೆಯೂ ಕೆಮ್ಮಲಿಲ್ಲ. ಶೇಡಬಾಳ ಹೋಯಿತು, ಅಥಣಿ ಹೋಯಿತು. ರಸ್ತೆಯ ಪ್ರತಿ ಉಬ್ಬಿಗೂ ಹೊಟ್ಟೆ ಉಜ್ಜಿತು, ಉಜ್ಜಲಿ ಎಂದೆ. ಹೋದ ಸಲ ನಿಂತ ಜಾಗ ಬಂದಾಗ ಉಸಿರು ಬಿಗಿಹಿಡಿದೆ, ಅದೂ ಹಿಂದೆ ಹೋಯಿತು. ಜೋರಾಗಿ ಕೂಗಿಕೊಂಡೆ, ಒಬ್ಬಳೇ, ಗಾಜು ಇಳಿಸಿಕೊಂಡು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಯಜಮಾನರಿಗೆ ಹೇಳಬೇಡಿ.

ಅಣ್ಣ ಮನೆಯ ಮುಂದೆ ಜೀಪಿನ ಚಾವಿ ಹಿಡಿದು, ಚಪ್ಪಲಿ ಮೆಟ್ಟಿ ನಿಂತಿದ್ದ. ಉಂಡಿಯ ಡಬ್ಬಿಯನ್ನು ಅವನ ಕೈಗೆ ಕೊಟ್ಟು, “ಕುಂಡರು” ಎಂದೆ. ಆರಡಿ ಆಳು, ಮೊಣಕಾಲು ಎದೆಗೆ ಹಚ್ಚಿಕೊಂಡು ಕೂತ. ಕಟ್ಟೆಯ ಮುಂದೆ ಎರಡು ಸಲ ಸುತ್ತಿಸಿದೆ, ಬೇಕೆಂದೇ. ಆಮೇಲೆ ದ್ರಾಕ್ಷಿ ತೋಟದ ಕಡೆಯ ಖಾಲಿ ರಸ್ತೆಗೆ ಬಿಟ್ಟೆ. ಅವನು ಡಬ್ಬಿ ಅಪ್ಪಿಕೊಂಡು ಕಣ್ಣು ಮುಚ್ಚಿದ.

“ಗಟ್ಟಿ ಹಿಡಕೊ ಅಣ್ಣಾ,” ಎಂದೆ.

ಸ್ವಲ್ಪ ಹೊತ್ತಿನ ಮೇಲೆ ಅವನು ಒಂದು ಕಣ್ಣು ತೆರೆದು, “ಆವಾಗ ನಿನಗ ಟ್ರ್ಯಾಕ್ಟರ್ ಕೊಡಬೇಕಾಗಿತ್ತ ನೋಡ ತಂಗೀ,” ಎಂದ. ನೆನಪಿತ್ತು ಅವನಿಗೆ.

ದಸ್ತಗೀರ ಮಿಸ್ತ್ರಿ ಸುದ್ದಿ ಕೇಳಿ ಮುಚ್ಚಳವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. “ಇಂಜಿನ್ ಪೂರಾ ಬಿಚ್ಚಿ ನೋಡಿದ್ನಿರಿ ಅಕ್ಕಾರ. ಮುಚ್ಚಳಾ ಒಂದ ಬಾಜೂಕ ಇಡತಿದ್ನಿ,” ಎಂದರು. ಈಗ ಅವರ ಗ್ಯಾರೇಜಿಗೆ ಯಾವ ಗಾಡಿ ಬಂದರೂ ಮೊದಲು ಮುಚ್ಚಳ ನೋಡುತ್ತಾರಂತೆ.

ಆ ಪಂಚಮಿ ಕಳೆದು ವರ್ಷವಾಯಿತು, ನಾಳೆ ಮತ್ತೆ ಪಂಚಮಿ. ಇವತ್ತು ಎಣ್ಣೆ ಡಬ್ಬಿಗೆ ಎರಡನೇ ತೂತು ಹೊಡೆಯುತ್ತಿರುವಾಗಲೇ ಫೋನು ರಿಂಗಾಯಿತು. ಎಣ್ಣೆಗೈಯಲ್ಲೇ ಎತ್ತಿದೆ. ಅಣ್ಣ. ಏನೋ ಸುತ್ತಿಬಳಸಿ ಮಳೆ, ಬೆಳೆ ಎಲ್ಲ ಮಾತಾಡಿ ಕೊನೆಗೆ ಹೇಳಿದ, “ಈ ಸಲ ಪಂಚಮಿ ನಿಮ್ಮ ಮನ್ಯಾಗ ಮಾಡೂಣು ಅಂತೀನಿ. ಕೆಂಪ ಗಾಡಿ ತಗೊಂಡ ನೀನ ಕರಿಯಾಕ ಬರತಿಯೇನ?”

ನಾನು ಡಬ್ಬಿಯನ್ನು ಮೆಲ್ಲಗೆ ಬಗ್ಗಿಸಿದೆ. ಎಣ್ಣೆ ಸದ್ದಿಲ್ಲದೆ ಸರಾಗವಾಗಿ ಇಳಿಯಿತು.

“ನಾಳೆ ಎಂಟಕ್ಕ ತಯಾರಾಗಿ ನಿಂದರು ಅಣ್ಣಾ,” ಎಂದೆ. “ನನ್ನ ಕಾಯಿಸಬ್ಯಾಡ.”