ಝೋರ್ನಿತ್ಸಾ ನಾದಿದ ಮೊದಲ ಹೆಜ್ಜೆಯ ರೊಟ್ಟಿ

ಇನ್ನೂ ಬೆಳಕು ಹರಿದಿಲ್ಲ. ಡ್ಯಾನ್ಯೂಬ್ ನದಿಯ ದಂಡೆಯ ಬೇಕರಿಯಲ್ಲಿ ಝೋರ್ನಿತ್ಸಾ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನಾದುತ್ತಿದ್ದಾಳೆ. ಊರಿಗೆಲ್ಲ ಇವಳ ರೊಟ್ಟಿ ಬೇಕು, ಇವಳ ಹೆಸರು ಯಾರಿಗೂ ಬೇಕಾಗಿಲ್ಲ. ನಡುನಡುವೆ ಕಿಬ್ಬೊಟ್ಟೆ ಹಿಡಿದು ನಿಲ್ಲುತ್ತಾಳೆ. ಯಾರಾದರೂ ನೋಡಿದರೆ ಏಪ್ರನ್ ಸರಿಮಾಡಿಕೊಂಡಂತೆ ನಟಿಸುತ್ತಾಳೆ.

ಹೋದ ಚಳಿಗಾಲಕ್ಕೆ ಮುಂಚೆ ಎಂಡೊಮೆಟ್ರಿಯೋಸಿಸ್‌ಗೆ, ಅಂದರೆ ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೂ ಬೆಳೆದು ನೋಯಿಸುವ ಕಾಯಿಲೆಗೆ, ಶಸ್ತ್ರಚಿಕಿತ್ಸೆಯಾಯಿತು. ಒಂದು ಅಂಡಾಶಯ ತೆಗೆದರು. ಮಗು ಆಗಬಹುದು, ಆಗದೆಯೂ ಇರಬಹುದು ಎಂದು ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಗಂಡ ಕಾಲೋಯಾನ್‌ನನ್ನು ಬಿಟ್ಟು ಉಳಿದೆಲ್ಲರಿಗೂ ಅವಳು ಹೇಳಿದ್ದು ಅಪೆಂಡಿಕ್ಸ್ ಎಂದು.

"ಅತ್ತೆ ಪಾಪ, ನಂಬಿ ಕೋಳಿ ಸೂಪ್ ಮಾಡ್ಕೊಂಡ್ ಬಂದ್ರು. ಗಂಟಲಲ್ಲಿ ಇಳೀಲೇ ಇಲ್ಲ. ಕಾಯಿಲೆಗೂ ನಾಚಿಕೆ, ಸುಳ್ಳಿಗೂ ನಾಚಿಕೆ" ಎನ್ನುತ್ತಾಳೆ, ತಲೆಯೆತ್ತದೆ.

ಮಗು ಮೊದಲ ಹೆಜ್ಜೆ ಇಟ್ಟಾಗ ಇಲ್ಲಿ ದುಂಡು ರೊಟ್ಟಿ ಬೇಯಿಸಿ ನೆಲದ ಮೇಲೆ ಉರುಳಿಸುತ್ತಾರೆ. ಮಗು ಅದರ ಹಿಂದೆ ಓಡಬೇಕು. ಅದನ್ನು ನಾದುವ ಕೈ ಮಕ್ಕಳನ್ನು ಹೆತ್ತ ಹೆಂಗಸಿನದ್ದೇ ಆಗಿರಬೇಕೆಂಬುದು ಈ ಬೀದಿಯ ಮುದುಕಿಯರ ಹಠ. ಅಂಥ ಹಿಟ್ಟು ಬಂದಾಗಲೆಲ್ಲ ಝೋರ್ನಿತ್ಸಾ ಕೈನೋವಿನ ನೆಪ ಹೇಳಿ, ಜೊತೆಗೆ ದುಡಿಯುವ, ಮಕ್ಕಳಿರುವ ಸ್ತಾಮೆನಾಳತ್ತ ತಳ್ಳುತ್ತಾಳೆ.

ಕಳೆದ ವಾರ ಸ್ತಾಮೆನಾ ಮಂಡಿನೋವೆಂದು ಬರಲಿಲ್ಲ. ಪಕ್ಕದ ಮನೆಯ ಕೇರಾಳ ಮೊಮ್ಮಗನ ರೊಟ್ಟಿಯನ್ನು ಇವಳೇ ನಾದಬೇಕಾಯಿತು.

"ಯಾರೇ ನಾದಿದ್ದು?" ಕೇರಾ ಬಂದವಳೇ ಕೇಳಿದಳು.

"ಸ್ತಾಮೆನಾ."

"ಹಂಗಾದ್ರೆ ಸರಿ. ನೀನ್ಯಾವಾಗ ನಾದೋದು, ಸೋಂಬೇರಿ? ಮದ್ವೆಯಾಗಿ ಎಷ್ಟ್ ವರ್ಷ ಆಯ್ತೇ?" ಕೇರಾ ನಕ್ಕಳು. ಬೇರೆ ದಾರಿಯಿಲ್ಲದೆ ಇವಳೂ ನಕ್ಕಳು.

ಮಧ್ಯಾಹ್ನ ಕೇರಾ ಏದುಸಿರು ಬಿಡುತ್ತ ಮತ್ತೆ ಬಂದಳು. "ಬಿದ್ದೂ ಎದ್ದೂ ರೊಟ್ಟಿ ಹಿಡಿದೇ ಬಿಟ್ಟ ಕಣೇ ನಮ್ ಹುಡ್ಗ! ಕೈಗುಣ ಅಂದ್ರೆ ಸ್ತಾಮೆನಾದು!" ಝೋರ್ನಿತ್ಸಾ ಒಲೆಯತ್ತ ಮುಖ ತಿರುಗಿಸಿದಳು. ಹೆಮ್ಮೆಯಿಂದ ಎದೆ ತುಂಬಿತ್ತು.

ಈ ಲೇಖನದಲ್ಲಿ ಬೇರೆ ಹೆಸರು ಹಾಕೋಣವೇ ಎಂದು ಕೇಳಿದರೆ ಹಿಟ್ಟನ್ನು ಮಗುಚಿ ಹಾಕಿ ಮತ್ತೆ ನಾದುತ್ತಾಳೆ. ಕಿವಿಗಳು ಕೆಂಪಗಾಗಿವೆ.

"ಬೇಡ. ನನ್ ಹೆಸ್ರೇ ಹಾಕಿ, ಕಾಯಿಲೆ ಹೆಸ್ರೂ ಹಾಕಿ. ನನ್ ಬಾಯಲ್ಲಂತೂ ಬರಲ್ಲ. ಅತ್ತೆ ಭಾನುವಾರ ಪೇಪರ್ ಓದ್ತಾರೆ, ಕೇರಾನೂ ಓದ್ತಾಳೆ. ಆ ರೊಟ್ಟಿ ನಾದಿದ್ದು ನಾನೇ ಅಂತ ಬರೀರಿ."